ಓಡಿ ಬಂದವರ ನಡಿಗೆ

ಬಾಗಿಲು ಅತ್ತೆಯನ್ನು ಮತ್ತೆ ಒಳಗೆ ಬಿಡಲಿಲ್ಲ.

ಇಂದುಮತಿ ಬಳಿಗಾರ ಸಂಜೆ ಕೆಲಸ ಮುಗಿಸಿ ಬಂದಾಗ ಗೌರವ್ವ ಕಾಯಿಪಲ್ಲೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಬಾಗಿಲ ಮೇಲಿನ ಪುಟ್ಟ ದೀಪ ಕೆಂಪಗೆ ಉರಿಯುತ್ತಿತ್ತು.

"ಎಷ್ಟೊತ್ತಾತ್ರೀ ಅತ್ತಿ?"

"ಮೆಂತೇಪಲ್ಲೆ ಬಾಡೂವಷ್ಟೊತ್ತಾತು. ಅಂಗಳದ ತುಂಬ ನಡದೆ. ಕುಂಟಿದೆ, ಕುಣದೆ. ಸುಡಗಾಡ ಬಾಗಲಾ, ನನ್ನ ಗುರ್ತಾ ಹಿಡೀವಲ್ದು. ಈ ಮನಿ ಕಟ್ಟಿಸಿದಾಕಿ ನಾನು!"

"ಮೊಣಕಾಲು ಬಾತಾವ್ರಿ. ಅದಕ್ಕ ನಿಮ್ಮ ನಡಿಗಿ ಬದಲಾಗೈತಿ."

"ಬಾತದ್ದು ಕಾಲು. ನಾನಲ್ಲ."

ಇಂದುಮತಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿದಳು. ದೀಪ ಹಸಿರಾಯಿತು. ಗೌರವ್ವ ಆ ದೀಪದ ಕಡೆ ನೋಡಿದ ನೋಟ ಇತ್ತಲ್ಲ, ಅದಕ್ಕೆ ಜೀವವಿದ್ದಿದ್ದರೆ ಅದು ನಾಚಿ ಆರಿಹೋಗುತ್ತಿತ್ತು.

ನಡಿಗೆಬೀಗ ಬಂದು ಆಗಲೇ ಒಂದು ತಲೆಮಾರಿನ ಮಕ್ಕಳು ಶಾಲೆ ಸೇರಿದ್ದರು. ಬೆರಳಚ್ಚನ್ನು ಕದ್ದರು, ಮುಖವನ್ನು ಯಂತ್ರಗಳು ನಕಲು ಮಾಡಿದವು, ದನಿಯನ್ನಂತೂ ಯಾರು ಬೇಕಾದರೂ ಹುಟ್ಟಿಸಬಹುದಾಗಿತ್ತು. ಉಳಿದದ್ದು ನಡಿಗೆ ಒಂದೇ. ಹಿಮ್ಮಡಿ ನೆಲಕ್ಕೆ ಬೀಳುವ ರಭಸ, ಸೊಂಟದ ತೂಗು, ಎಡ ಹೆಜ್ಜೆಗೂ ಬಲ ಹೆಜ್ಜೆಗೂ ನಡುವಿನ ಕೂದಲೆಳೆಯ ವ್ಯತ್ಯಾಸ, ಇವನ್ನೆಲ್ಲ ಜೇಬಿನಲ್ಲಿದ್ದ ಫೋನು ಗುರುತಿಸಿ, ತಾನೂ ತೆರೆದುಕೊಂಡು ಮನೆಯ ಬಾಗಿಲಿಗೂ ಹೇಳುತ್ತಿತ್ತು. ಬಾಗಿಲಿಗೆ ಫೋನು ಯಾರದು ಎಂಬುದು ಬೇಕಿರಲಿಲ್ಲ. ಮನೆಯವರು ಯಾರ ಫೋನು ಹಿಡಿದು ಬಂದರೂ ಒಳಗೆ ಬಿಡಲಿ ಎಂದು ಅದನ್ನು ಹಾಗೇ ಮಾಡಿದ್ದರು. ನಡಿಗೆ ಯಾರದು, ಅಷ್ಟೇ.

ಜನ ಹೊಂದಿಕೊಂಡರು. ಹೊಸ ಚಪ್ಪಲಿ ಕೊಂಡವರು ಹಳೆಯ ಜೋಡನ್ನು ಕೈಚೀಲದಲ್ಲಿಟ್ಟುಕೊಂಡು ತಿರುಗಾಡುತ್ತಿದ್ದರು. ಬಸುರಿಯರು ತಿಂಗಳಿಗೊಮ್ಮೆ ಬಾಗಿಲಿಗೆ ಹೊಸ ನಡಿಗೆ ಕಲಿಸುತ್ತಿದ್ದರು. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ಕುಡಿದು ಬಂದ ಗಂಡಂದಿರು ಕಟ್ಟೆಯ ಮೇಲೇ ಮಲಗುವಂತಾದ ಮೇಲೆ, ಹೆಣ್ಣುಮಕ್ಕಳ ಸಂಘದವರು ಬೀಗದ ಅಂಗಡಿಯವನಿಗೆ ಶಾಲು ಹೊದಿಸಿದ್ದೂ ಉಂಟು. ಕಷ್ಟವಾದದ್ದು ಮುದುಕರಿಗೆ ಮತ್ತು ಕಾಯಿಲೆಯವರಿಗೆ. ಇನ್ನೊಂದು ಕಷ್ಟ ಯಾರ ತಲೆಗೂ ಹೊಳೆದಿರಲಿಲ್ಲ: ಗುಪ್ತಸಂಖ್ಯೆ ಬಯಲಾದರೆ ಬದಲಾಯಿಸಬಹುದು. ನಡಿಗೆ ಬಯಲಾದರೆ?

*

ಇಂದುಮತಿಯ ಕೆಲಸವೇ ಬೇರೆಯವರ ನಡಿಗೆ. ಹಳೆಯ ಹತ್ತಿ ಗಿರಣಿಯೊಂದರ ಮಹಡಿಯಲ್ಲಿದ್ದ ಅಂಕೀಯ ಕುರುಹು ಕೇಂದ್ರದಲ್ಲಿ ಅವಳೂ ದಾವಲಸಾಬ್ ನದಾಫನೂ ಗುತ್ತಿಗೆಯ ಮೇಲೆ ದುಡಿಯುತ್ತಿದ್ದರು. ಪೊಲೀಸರು ಹಿಡಿದು ತಂದ ಫೋನುಗಳು ನ್ಯಾಯಾಲಯದ ಅಪ್ಪಣೆಯೊಂದಿಗೆ ಇಲ್ಲಿಗೆ ಬರುತ್ತಿದ್ದವು. ನಾಲ್ಕು ಸಣ್ಣ ತಂತಿಗಳಿಗೆ ಜೋತುಬಿಟ್ಟ ಒಂದು ತಟ್ಟೆ, ಅದರ ಕೆಳಗೆ ಅಯಸ್ಕಾಂತದ ಸುರುಳಿಗಳು. ಇದಕ್ಕೆ ಉದ್ದನೆಯದೊಂದು ಸರಕಾರಿ ಹೆಸರಿತ್ತು, ಆದರೆ ಎಲ್ಲರೂ ತೊಟ್ಟಿಲು ಎನ್ನುತ್ತಿದ್ದರು. ಬೀದಿ ಕ್ಯಾಮೆರಾದಲ್ಲಿ ಆರೋಪಿಯ ನಡಿಗೆ ನೋಡಿ, ಅದೇ ತೂಗಿನಲ್ಲಿ ತೊಟ್ಟಿಲನ್ನು ತೂಗಿದರೆ, ಫೋನು ತಾನು ಯಜಮಾನನ ಜೇಬಿನಲ್ಲೇ ಇದ್ದೇನೆಂದು ನಂಬಿ ಕಣ್ಣು ಬಿಡುತ್ತಿತ್ತು. ಮುಕ್ಕಾಲು ಕೆಲಸ ಗಣಕಯಂತ್ರದ್ದು. ಉಳಿದ ಕಾಲು ಭಾಗವನ್ನು ತಿರುಗಿಸುವ ಎರಡು ಗುಬುಟುಗಳ ಮೇಲೆ ಬೆರಳಿಟ್ಟು ಕೈಯಿಂದಲೇ ಸರಿಪಡಿಸಬೇಕು. ಅದರಲ್ಲಿ ಇಂದುಮತಿಗೆ ಸಾಟಿಯಿರಲಿಲ್ಲ. ಮನೆಯಲ್ಲಿ ಮಗಳು ಇಂಚರಳನ್ನು ಮಲಗಿಸುವುದೇ ಇದಕ್ಕಿಂತ ಕಷ್ಟ ಎಂದು ಅವಳು ಹೇಳುತ್ತಿದ್ದಳು.

ಕಾಯಂ ಹುದ್ದೆಗಳ ಪ್ರಕಟಣೆ ಬಂದ ದಿನ ನದಾಫ ಅದನ್ನು ಗಟ್ಟಿಯಾಗಿ ಓದಿದ.

"ವಿಜ್ಞಾನದ ಪದವಿ... ಐತಿ. ಅನುಭವ... ಬೇಕಾದಷ್ಟೈತಿ. ಅಕ್ಕಾರ, ಮುಂದಿಂದು ಕೇಳ್ರಿ. ಒಂದು ಮೈಲಿ ಓಟ. ಹಗ್ಗ ಹತ್ತೂದು. ಎದಿ ಸುತ್ತಳತಿ, ಉಬ್ಬಿಸಿ ತೋರಸಬೇಕು."

"ಹಗ್ಗ ಹತ್ತಿ ಏನು ತಗಿಯೂದೈತೋ? ಫೋನು ಗಿಡದಾಗ ಬೆಳೀತಾವೇನು?"

"ಕಾನ್‌ಸ್ಟೇಬಲ್ ಭರ್ತಿ ಕಾಗದಾನ ತಗೊಂಡು ಮ್ಯಾಲಿನ ಹೆಸರಷ್ಟ ಬದಲು ಮಾಡ್ಯಾರ್ರಿ. ಕುದರಿ ಸವಾರಿ ಬಿಟ್ಟಾರಲ್ಲ, ಅದ ದೊಡ್ಡದು."

ನಕ್ಕರು. ನಗು ಮುಗಿದ ಮೇಲೆ ನದಾಫ ಮುಂದೆ ಓದಿದ. ಕಾಯಂ ಆಗದವರ ಗುತ್ತಿಗೆ ಈ ವರ್ಷಕ್ಕೆ ಮುಗಿಯುತ್ತದೆ ಎಂದು ಕೊನೆಯ ಸಾಲಿನಲ್ಲಿತ್ತು. ಇಂದುಮತಿಯ ಗಂಡ ರೈಲು ಓಡಿಸುವವನು, ತಿಂಗಳಲ್ಲಿ ಅರ್ಧದಷ್ಟು ದಿನ ಊರಲ್ಲಿರುವುದಿಲ್ಲ. ಮನೆ ನಿಂತದ್ದು ಇಬ್ಬರ ಸಂಬಳದ ಮೇಲೆ. ಅದಿರಲಿ, ಈ ತೊಟ್ಟಿಲು ಬಿಟ್ಟು ಬೇರೆ ಕೆಲಸ ಅವಳಿಗೆ ಬೇಕಿರಲಿಲ್ಲ.

ಆದ್ದರಿಂದ ಅವಳು ಬೆಳಗಿನ ಹೊತ್ತು ಶಾಲೆಯ ಬಯಲಿನಲ್ಲಿ ಓಡತೊಡಗಿದಳು. ಗೌರವ್ವ ನೀರಿನ ಬಾಟಲಿ ಹಿಡಿದು ಕಟ್ಟೆಯ ಮೇಲೆ ಕೂತು ಹುರಿದುಂಬಿಸುತ್ತಿದ್ದಳು: "ಓಡು ಓಡು, ಹಾಲು ಉಕ್ಕಾಕತ್ತೈತಿ ಅಂತ ತಿಳಕೊ!"

ಓಟದ ಪರೀಕ್ಷೆ ಕ್ರೀಡಾಂಗಣದಲ್ಲಿ ತಂಡತಂಡವಾಗಿ ನಡೆಯಬೇಕಿತ್ತು. ಪೂರ್ತಿ ನೇರ ಪ್ರಸಾರ. ಹಿಂದೊಮ್ಮೆ ಅಭ್ಯರ್ಥಿಗಳ ಹೆಸರಿನಲ್ಲಿ ಬೇರೆಯವರು ಓಡಿ ದೊಡ್ಡ ಹಗರಣವಾಗಿತ್ತು. ಅಂದಿನಿಂದ ಓಟದ ದೃಶ್ಯಗಳನ್ನು ಹೆಸರು ಸಮೇತ ಎಲ್ಲರೂ ನೋಡುವಂತೆ ಜಾಲತಾಣದಲ್ಲಿ ಇಡುವುದು ನಿಯಮ. ಕಾರಣ ಒಳ್ಳೆಯದೇ.

ಆಯ್ಕೆ ಮಂಡಳಿಯ ಅಧ್ಯಕ್ಷರು ಶಿವಯೋಗಿ ಹಂಚಿನಮನಿ, ಮೀಸಲು ಪಡೆಯಿಂದ ನಿವೃತ್ತರಾದವರು, ದಿನಾ ಓಡಿಯೇ ಉಪಾಹಾರ ತಿನ್ನುವ ಮನುಷ್ಯ. ಓಟಕ್ಕೆ ಚಾಲನೆ ಕೊಡಲು ಬಂದವರು ಬಾವುಟ ಬೀಸಿ ಸುಮ್ಮನಾಗಲಿಲ್ಲ. ಕೊರಳಿನ ಹಾರ ತೆಗೆಯದೆ, ಎಲ್ಲರಿಗಿಂತ ಮುಂದೆ ತಾವೇ ಒಂದು ಸುತ್ತು ಓಡಿದರು. ಮನೆಯಲ್ಲಿ ರೊಟ್ಟಿ ಬಡಿಯುತ್ತ ಗೌರವ್ವ ಅದನ್ನು ಪರದೆಯ ಮೇಲೆ ನೋಡಿದಳು.

"ಹಾರಾ ಹಾಕ್ಕೊಂಡು ಓಡಾಕತ್ತಾನಲ್ಲವಾ, ಮದವಿ ಬಿಟ್ಟು ಓಡಿ ಬಂದಾನೇನು?"

ಮೊದಲ ತಂಡದಲ್ಲೇ ನದಾಫ ಓಡಿ ಪಾಸಾದ. ಕೇಂದ್ರಕ್ಕೆ ಮಿರ್ಚಿ ಭಜಿ ತಂದ. ಇಂದುಮತಿಯದು ಕೊನೆಯ ತಂಡ, ಮುಂದಿನ ಸೋಮವಾರ.

*

ಬುಧವಾರ ನದಾಫ ಕೆಲಸಕ್ಕೆ ಬಂದವನು ಕುರ್ಚಿಯ ಮೇಲೆ ಕೂಡಲಿಲ್ಲ. ಚೀಲದಿಂದ ಒಂದು ಜೋಡಿ ಮಕ್ಕಳ ಬೂಟು ತೆಗೆದು ಮೇಜಿನ ಮೇಲಿಟ್ಟ. ಎರಡರ ಲಾಡಿಗಳನ್ನೂ ಒಂದಕ್ಕೊಂದು ಬಿಗಿದು ಗಂಟು ಹಾಕಲಾಗಿತ್ತು.

"ನಿನ್ನೆ ಮನ್ಯಾಗ ಯಾರೋ ಬಂದಿದ್ರು ಅಕ್ಕಾರ. ಏನೂ ಕಳುವಾಗಿಲ್ಲ. ನನ್ನ ಮಗನ ಬೂಟು ಇವು. ಇದ ಥರಾ ಕಟ್ಟಿ, ಗ್ಯಾಸಿನ ಒಲಿ ಮ್ಯಾಲೆ ಇಟ್ಟು ಹೋಗ್ಯಾರ."

ಇಂದುಮತಿಗೆ ಅರ್ಥವಾಯಿತು. ನಕಲಿ ಇನ್ಸುಲಿನ್ ಮಾರುತ್ತಿದ್ದ ಜಾಲದ ಮುಖ್ಯಸ್ಥನ ಫೋನು ತೆರೆದವನು ನದಾಫ. ಮುಂದಿನ ವಾರ ನ್ಯಾಯಾಲಯದಲ್ಲಿ ಅವನೇ ಸಾಕ್ಷಿ ಹೇಳಬೇಕಿತ್ತು. ಆ ಔಷಧಿಯಿಂದ ಸತ್ತವರಲ್ಲಿ ಮಕ್ಕಳೂ ಇದ್ದರು.

"ಪೊಲೀಸರಿಗೆ ಹೇಳಿದ್ಯಾ?"

"ಬಂದ್ರು, ನೋಡಿದ್ರು. ಬಾಗಲಾ ಒಡದಿಲ್ಲ. ಬಾಗಲದ ನೆನಪಿನ್ಯಾಗ ನಿನ್ನೆ ಮಧ್ಯಾಹ್ನ ನಿಂದ ನಡಿಗಿ ಐತಿ, ನೀನ ಬಂದು ಮರತೀಯಂತ ನಕ್ರು. ಮಧ್ಯಾಹ್ನ ನಾ ಇಲ್ಲೇ ನಿಮ್ಮ ಮುಂದ ಕುಂತಿದ್ದೆ!" ಅವನ ದನಿ ಇಳಿಯಿತು. "ನಾ ಸಾಕ್ಷಿ ಹೇಳಾಂಗಿಲ್ಲ ಅಕ್ಕಾರ. ಬೈರಿ ಬೇಕಾದ್ರ. ನನಗ ಆ ಬೂಟು ಕಣ್ಣ ಮುಂದಿಂದ ಹೋಗವಲ್ದು."

ಇಂದುಮತಿ ಬೈಯಲಿಲ್ಲ. ಅವನ ಬಾಗಿಲಿನ ನೆನಪನ್ನು ತರಿಸಿಕೊಂಡಳು. ಆ ನಡಿಗೆಯನ್ನು ತೊಟ್ಟಿಲಿಗೆ ಕೊಟ್ಟು, ತಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ನದಾಫನದೇ ನಡಿಗೆ, ಸಂಶಯವಿಲ್ಲ. ಆದರೂ ಅಂಗೈಗೆ ಏನೋ ಎಡವುತ್ತಿತ್ತು. ಎಡ ಹೆಜ್ಜೆ ಗಿಡ್ಡ. ಸೊಂಟ ಒಂದು ಕಡೆಗೆ ವಾಲುತ್ತಿತ್ತು. ಐದಾರು ಹೆಜ್ಜೆಗೊಮ್ಮೆ ಒಂದು ತಡೆ, ಮೇಲುಸಿರಿಗೆ ನಿಂತಂತೆ.

"ನಿನಗ ದಮ್ಮಿನ ಕಾಯಿಲಿ ಐತೇನೋ?"

"ಇಲ್ರಿ."

"ಪಡಸಾಲ್ಯಾಗ ಒಮ್ಮೆ ನಡದು ಬಾ."

ಅವನು ನಡೆದು ಬಂದ. ವಾಲಿಕೆ ಇಲ್ಲ, ತಡೆ ಇಲ್ಲ.

"ದಾವಲ್, ಓಟ ಮುಗಿದ ಮ್ಯಾಲೆ ಏನು ಮಾಡಿದಿ?"

"ಏನು ಮಾಡೂದ್ರಿ, ಜೀವ ಬಾಯಿಗೆ ಬಂದಿತ್ತು. ಪಕ್ಕಡಿ ಹಿಡಕೊಂಡು ಚುಚ್ಚಾಕತ್ತಿತ್ತು. ಸೊಂಟದ ಮ್ಯಾಲೆ ಕೈ ಇಟ್ಕೊಂಡು ಹಂಗ ನೀರಿನ ಕೊಡದ ಕಡೆ ನಡದೆ."

ಅವಳು ಜಾಲತಾಣ ತೆರೆದಳು. ಓಟದ ಗೆರೆ ದಾಟಿದ ಮೇಲೂ ಕ್ಯಾಮೆರಾ ಅವನನ್ನು ಬಿಟ್ಟಿರಲಿಲ್ಲ. ಹೆಸರಿನ ಪಟ್ಟಿ ಎದೆಯ ಮೇಲೆ, ಕೈ ಸೊಂಟದ ಮೇಲೆ, ಎಡಕ್ಕೆ ವಾಲಿ, ಐದಾರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ನದಾಫ ನೀರಿನ ಕಡೆ ನಡೆಯುತ್ತಿದ್ದ. ಅದನ್ನೇ ಅಳೆದು ಬಾಗಿಲಿನ ನೆನಪಿನ ಮೇಲೆ ಇಟ್ಟಳು. ಎರಡೂ ಗೆರೆಗಳು ಒಂದಾದವು.

ದಣಿವನ್ನು ಬೀಗ ಕ್ಷಮಿಸುತ್ತದೆ. ಎಲ್ಲರೂ ದಣಿದೇ ಮನೆಗೆ ಬರುತ್ತಾರಲ್ಲ. ಯಾರೋ ಈ ದೃಶ್ಯ ನೋಡಿ, ಕೈಯಲ್ಲೇ ಮಾಡಿದ ತೊಟ್ಟಿಲೊಂದರಲ್ಲಿ ಫೋನು ತೂಗಿ ನದಾಫನ ಬಾಗಿಲ ಮುಂದೆ ನಿಂತಿದ್ದರು. ಒಂದು ಮೈಲಿ ಓಡಿ ಪಕ್ಕಡಿ ಹಿಡಿದ ನದಾಫ ಮನೆಗೆ ಬಂದನೆಂದು ಬಾಗಿಲು ನಂಬಿತ್ತು.

"ಅಂದ್ರ..." ನದಾಫ ಕುರ್ಚಿ ಹಿಡಿದುಕೊಂಡ. "ಓಡಿದವರೆಲ್ಲಾರೂ ತಮ್ಮ ಮನಿ ಕೀಲಿಕೈ ತಂದು ಬಯಲಾಗ ಇಟ್ಟು ಬಂದೇವಿ?"

"ಕೀಲಿಕೈ ಅಲ್ಲಪಾ. ಕೀಲಿಕೈ ಆದ್ರ ಬ್ಯಾರೇದು ಮಾಡಸಬಹುದು."

ಇಂದುಮತಿ ಮಂಡಳಿಯ ಕಚೇರಿಗೆ ಫೋನು ಮಾಡಿದಳು. ಎತ್ತಿದವನು ಪೂರ್ತಿ ಕೇಳಿ ಆಕಳಿಸಿದ. "ಓಡಾಕ ಆಗಾಂಗಿಲ್ಲ ಅಂದ್ರ ಬಿಡ್ರಿ ಬಾಯಾರ, ಕಥಿ ಯಾಕ ಕಟ್ತೀರಿ?"

ಸೋಮವಾರ ಓಡದಿದ್ದರೆ ಕೆಲಸ ಹೋಗುತ್ತದೆ. ಓಡಿದರೆ ಅವಳ ನಡಿಗೆಯೂ ಜಾಲತಾಣಕ್ಕೆ ಹೋಗುತ್ತದೆ, ಅವಳು ಇಷ್ಟು ವರ್ಷ ತೆರೆದ ಫೋನುಗಳ ಯಜಮಾನರೆಲ್ಲ ಇಂಚರ ಮಲಗುವ ಮನೆಯ ಬಾಗಿಲಿಗೆ ಬರಬಹುದು. ಊಟಕ್ಕೆ ಕೂತಾಗ ಗೌರವ್ವ ಸೊಸೆಯ ಮುಖ ನೋಡಿ ಏನಾಯಿತೆಂದು ಕೇಳಿದಳು. ಇಂದುಮತಿ ಎಲ್ಲ ಹೇಳಿದಳು.

"ಹಂಗಾರ ಸೋಮವಾರ ಹೋಗಾಂಗಿಲ್ಲೇನು?"

"ಹೋಗ್ತೀನ್ರಿ. ಓಡಾಂಗಿಲ್ಲ."

*

ಸೋಮವಾರ ಅವಳು ಕ್ರೀಡಾಂಗಣಕ್ಕೆ ಆಟೊದಲ್ಲಿ ಬಂದಳು. ಗೇಟಿನಲ್ಲಿ ಇಳಿಯಲಿಲ್ಲ. ಶಾಮಿಯಾನದ ಹಿಂಬದಿಗೆ, ಕ್ಯಾಮೆರಾಗಳಿಗೆ ಕಾಣದ ಕಡೆ ಆಟೊ ತಂದು ನಿಲ್ಲಿಸಿ, ಪರದೆಯ ಮರೆಯಿಂದ ಮಂಡಳಿಯವರ ಮೇಜಿನ ಮುಂದೆ ಬಂದು ಕೂತಳು. ತೊಟ್ಟಿಲನ್ನು ಹೊತ್ತು ತಂದವನು ನದಾಫ.

"ನೀ ನಡೀಬ್ಯಾಡ, ಕ್ಯಾಮೆರಾ ಐತಿ" ಎಂದು ಅವಳು ಪಿಸುಗುಟ್ಟಿದಳು.

"ನಂದು ಹೆಂಗೂ ಊರಿಗೆಲ್ಲ ಗೊತ್ತಾಗೈತಿ ತಗೋರಿ. ನಡದಷ್ಟೂ ಫಾಯದೆ."

ಹಂಚಿನಮನಿ ತೊಟ್ಟಿಲನ್ನೂ ಅವಳನ್ನೂ ನೋಡಿದರು. "ಏನವಾ ತಂಗಿ, ಓಡಾಕ ಬಂದೀಯೋ ತೊಟ್ಟಿಲಾ ತೂಗಾಕ ಬಂದೀಯೋ?"

ಮೇಜಿನ ಸುತ್ತ ನಗು.

"ತೂಗಾಕ್ರಿ. ನನ್ನ ಕೆಲಸಾನ ಅದು. ನೀವು ಅದನ್ನ ಬಿಟ್ಟು ಉಳದಿದ್ದೆಲ್ಲಾ ಪರೀಕ್ಷಾ ಮಾಡಾಕತ್ತೀರಿ."

ನಗು ನಿಂತಿತು. ಅವಳು ಬೂಟಿನ ಕಥೆ ಹೇಳಿದಳು, ಎರಡು ಗೆರೆಗಳು ಒಂದಾದದ್ದನ್ನು ತೋರಿಸಿದಳು. ಹಂಚಿನಮನಿ ಸಮಾಧಾನದಿಂದಲೇ ಕೇಳಿದರು. ಕೆಟ್ಟವರಲ್ಲ ಅವರು.

"ನೋಡವಾ, ದೃಶ್ಯ ಬಯಲಿಗೆ ಇಡೂದು ನ್ಯಾಯಕ್ಕ. ಮುಚ್ಚಿಟ್ರ ಮತ್ತ ಹಗರಣ ಅಂತಾರ. ಇಂವ ಒಂದಿನ ದಣಿದು ಮನಿಗೆ ಹೋಗಿರಬೇಕು, ಮರತಾನ. ದೂರದಿಂದ ತಗದ ಒಂದು ವಿಡಿಯೋ ನೋಡಿ ಬಾಗಲಾ ತಗೀತಾರ ಅಂದ್ರ ನಾ ಹೆಂಗ ನಂಬಲಿ?"

"ನಿಮ್ಮ ಫೋನು ಈ ತಟ್ಟಿಯೊಳಗ ಇಡ್ರಿ. ನಿಮಗ ಒಪ್ಪಿಗಿ ಇದ್ರ ಮಾತ್ರ."

"ನಂದರಾಗ ಏನೈತಿ? ಮೊಮ್ಮಗಳ ಫೋಟೋ, ಬಿಪಿ ಗುಳಗಿ ನೆನಪು." ನಗುತ್ತ ಇಟ್ಟರು.

ಜಾಲತಾಣದಲ್ಲಿ ಉದ್ಘಾಟನೆಯ ದೃಶ್ಯ ಎಲ್ಲರೂ ನೋಡುವಂತಿತ್ತು. ಹಾರ ಕುಣಿಸುತ್ತ ಹಂಚಿನಮನಿ ಓಡುತ್ತಿದ್ದರು. ಇಂದುಮತಿ ಅದನ್ನು ತೊಟ್ಟಿಲಿಗೆ ಕೊಟ್ಟು ತೂಗಿದಳು. ಫೋನಿನ ಮೇಲೆ ಕೆಂಪು. ಮತ್ತೆ ತೂಗಿದಳು. ಕೆಂಪು.

"ಕೂಸು ಮಲಗವಲ್ದೇನವಾ?" ಎಂದು ಮಂಡಳಿಯ ಒಬ್ಬರು ಕೇಳಿದರು. ಈ ಸಲ ಶಾಮಿಯಾನದ ಹೊರಗಿನವರೂ ನಕ್ಕರು. ನದಾಫ ತಲೆ ತಗ್ಗಿಸಿದ.

ಓಟದಲ್ಲಿ ಎಲ್ಲರೂ ಸ್ವಲ್ಪ ಬೇರೆಯವರಾಗಿರುತ್ತಾರೆ, ನೋಡುವವರಿಗಾಗಿ ಓಡುತ್ತಾರೆ. ಮನುಷ್ಯ ತಾನಾಗುವುದು ಓಟ ಮುಗಿದ ಮೇಲೆ. ಅವಳು ದೃಶ್ಯವನ್ನು ಮುಂದಕ್ಕೆ ಓಡಿಸಿದಳು. ಸುತ್ತು ಮುಗಿದಿತ್ತು, ಚಪ್ಪಾಳೆ ಮುಗಿದಿತ್ತು. ಕ್ಯಾಮೆರಾದ ಮೂಲೆಯಲ್ಲಿ ಹಂಚಿನಮನಿ ಹಾರ ತೆಗೆದು ಕೈಯಲ್ಲಿ ಹಿಡಿದು ವೇದಿಕೆಯ ಕಡೆ ಬರುತ್ತಿದ್ದರು, ಬಲ ಮೊಣಕಾಲನ್ನು ತುಸು ಉಳಿಸಿಕೊಂಡು, ಯಾರೂ ನೋಡುತ್ತಿಲ್ಲ ಎಂದುಕೊಂಡ ಮನುಷ್ಯನ ನಡಿಗೆ.

ಗುಬುಟುಗಳ ಮೇಲೆ ಬೆರಳಿಟ್ಟಳು. ತೊಟ್ಟಿಲು ಆ ಮೊಣಕಾಲನ್ನು ಉಳಿಸಿಕೊಂಡು ತೂಗಿತು.

ಹಸಿರು.

ಇಂದುಮತಿ ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡಳು. "ನಾ ಮುಟ್ಟೂದಿಲ್ರಿ ಸಾಹೇಬ್ರ. ಅಲ್ಲೊಂದು ಮನಿ ಚಿತ್ರ ಐತಿ ನೋಡ್ರಿ. ನೀವ ಒತ್ರಿ."

ಊರಿಂದ ನೆಂಟರು ಬಂದರೆ ದೂರದಿಂದಲೇ ಬಾಗಿಲು ತೆರೆಯಲು ಇಟ್ಟ ಚಿತ್ರ ಅದು. ಹಂಚಿನಮನಿ ಹೆಬ್ಬೆರಳಿಂದ ಒತ್ತಿದರು. ಫೋನಿನಿಂದ ಹೆಂಗಸಿನ ದನಿ ಬಂತು, ಒಗ್ಗರಣೆಯ ಸದ್ದಿನ ನಡುವೆ.

"ಯಾರವರು? ಬಾಗಲಾ ತನ್ನಷ್ಟಕ್ಕ ತಾನ ತಗೀತಲ್ಲ... ರೀ, ನೀವೇನು?"

ಆಮೇಲೆ ಪುಟ್ಟ ಕಾಲುಗಳು ಓಡಿದ ಸದ್ದು, ಅದರ ಹಿಂದೆಯೇ ಒಂದು ಎಳೆಯ ದನಿ. "ಅಜ್ಜಾ! ...ಅಜ್ಜೀ, ಬಾಗಲದಾಗ ಯಾರೂ ಇಲ್ಲ."

ಹಂಚಿನಮನಿ ಫೋನನ್ನು ಬಾಯಿಯ ಹತ್ತಿರ ತಂದರು. "ಒಳಗ ಹೋಗು ಪುಟ್ಟಿ. ಅಜ್ಜಾನ ಒತ್ತಿದ್ದು. ಬಾಗಲಾ ಹಾಕ್ಕೊ, ಚಿಲಕಾ ಹಾಕ್ಕೊ" ಎಂದರು. ಫೋನು ಕೆಳಗಿಟ್ಟು ಇಂದುಮತಿಯ ಕಡೆ ತಿರುಗಿದರು.

"ನಾ ಇದನ್ನ ಬದಲು ಮಾಡೂದು ಹೆಂಗವಾ? ನನ್ನ ನಡಿಗೀನ?"

"ಆಗಾಂಗಿಲ್ರಿ."

ಅವರು ಎದ್ದು ನಿಂತರು. ಮೈಕು ತೆಗೆದುಕೊಂಡಾಗ ದನಿ ಮೀಸಲು ಪಡೆಯ ದಿನಗಳದ್ದಾಗಿತ್ತು. "ಕ್ಯಾಮೆರಾ ಬಂದ್ ಮಾಡ್ರಿ! ಓಡಾಕ ನಿಂತವರು ಅಲ್ಲೇ ಕುಂಡ್ರಿ, ಯಾರೂ ನಡೀಬ್ಯಾಡ್ರಿ!" ಗೆರೆಯ ಮೇಲೆ ನಿಂತಿದ್ದ ಅಭ್ಯರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹುಲ್ಲಿನ ಮೇಲೆ ಕೂತರು. ಅವರೆಲ್ಲರನ್ನೂ ಬಸ್ಸು ಒಳಗೇ ತಂದು ಹತ್ತಿಸಿಕೊಂಡು ಹೋಯಿತು.

*

ಅಂದೇ ಸಂಜೆ ಓಟದ ದೃಶ್ಯಗಳು ಜಾಲತಾಣದಿಂದ ಇಳಿದವು. ಈ ಹುದ್ದೆಗಳಿಗೆ ಓಟವಿಲ್ಲ, ಹಗ್ಗವಿಲ್ಲ, ಎದೆ ಉಬ್ಬಿಸುವುದೂ ಇಲ್ಲ ಎಂದು ತಿದ್ದುಪಡಿ ಬಂತು. ಪರೀಕ್ಷೆ ತೊಟ್ಟಿಲಿನ ಮೇಲೆ. ಹಗರಣದ ಮಾತು ಬರಬಾರದೆಂದು ಬೇರೆ ಜಿಲ್ಲೆಗಳ ತಜ್ಞರು ಎದುರಿಗೆ ಕೂರಬೇಕು, ಅಭ್ಯರ್ಥಿಯ ಹೆಸರಾಗಲಿ ಮುಖವಾಗಲಿ ಹೆಜ್ಜೆಯಾಗಲಿ ಹೊರಗೆ ಹೋಗಬಾರದು. ಈ ಸಾಲನ್ನು ಹಂಚಿನಮನಿ ತಾವೇ ಹೇಳಿ ಬರೆಸಿದರಂತೆ.

ತನ್ನ ಮಾತನ್ನು ಎಲ್ಲರೂ ನಂಬಿದ ಮೇಲೆ ನದಾಫ ಸಾಕ್ಷಿಗೆ ಒಪ್ಪಿದ. ಹೆಜ್ಜೆ ಯಾರಿಗೂ ಕಾಣದಂತೆ ಅವನನ್ನು ನ್ಯಾಯಾಲಯಕ್ಕೆ ಗಾಲಿಕುರ್ಚಿಯಲ್ಲಿ ಕರೆತಂದು ಪರದೆಯ ಹಿಂದೆ ಕೂರಿಸಿದರು. "ಒಂದು ಮೈಲಿ ಓಡಿದವನನ್ನ ತಳ್ಳಿಕೊಂಡು ಬಂದೀರಲ್ರೀ" ಎಂದು ಅವನು ಪೇದೆಯನ್ನು ಕೆಣಕಿದ. ಆಮೇಲೆ ಒಂದು ಮಾತೂ ತಡವರಿಸದೆ ಸಾಕ್ಷಿ ಹೇಳಿದ. ಅಷ್ಟರಲ್ಲಿ ಪೊಲೀಸರು ಆ ಜಾಲದವರ ಗೋದಾಮಿನಲ್ಲಿ ಕೈಯಿಂದ ಮಾಡಿದ ತೊಟ್ಟಿಲನ್ನು ಹುಡುಕಿ ತಂದಿದ್ದರು. ಅದರ ನೆನಪಿನಲ್ಲಿ ಪಕ್ಕಡಿ ಹಿಡಿದ ನದಾಫ ಇನ್ನೂ ನೀರಿನ ಕಡೆ ನಡೆಯುತ್ತಲೇ ಇದ್ದ. ಜಾಲದ ಮುಖ್ಯಸ್ಥನಿಗೆ ಶಿಕ್ಷೆಯಾಯಿತು. ಬೂಟು ಕಟ್ಟಿದವನಿಗೂ ಆಯಿತು.

ತೊಟ್ಟಿಲಿನ ಪರೀಕ್ಷೆಯಲ್ಲಿ ಇಂದುಮತಿ ಕೊಟ್ಟ ಫೋನುಗಳನ್ನೆಲ್ಲ ತೆರೆದಳು. ಕೊನೆಯದಕ್ಕೆ ಅವಳು ಕಣ್ಣು ಮುಚ್ಚಿ ತೂಗುತ್ತಿದ್ದಾಗ ಎದುರು ಕೂತ ತಜ್ಞರೊಬ್ಬರು ತೂಕಡಿಸಿಬಿಟ್ಟರು ಎಂದು ನದಾಫ ಇಂದಿಗೂ ಹೇಳುತ್ತಾನೆ. ಅವನಿಗೂ ನೇಮಕದ ಆದೇಶ ಬಂತು.

ಆದೇಶ ಕೈಗೆ ಬಂದ ದಿನ ಇಂದುಮತಿ ಪೇಢೆಯ ಪೊಟ್ಟಣ ಹಿಡಿದು ಮನೆಗೆ ಬಂದಳು. ಬಾಗಿಲ ಮೇಲಿನ ದೀಪ ಇರಲಿಲ್ಲ. ಕುರುಹು ಕೇಂದ್ರದವರ ಮನೆಗಳಿಗೆಲ್ಲ ಹಳೆಯ ಕಾಲದ ಹಿತ್ತಾಳೆ ಬೀಗಗಳನ್ನು ಹುಡುಕಿ ಹಾಕಿಸಿದ್ದರು. ಅಂಥವನ್ನು ಮಾಡುವವರು ಯಾರೂ ಉಳಿದಿಲ್ಲವೆಂದು ಹಂಚಿನಮನಿ ತಮ್ಮ ಮನೆಗೆ ಗೌರವ್ವ ಹಳೆಯ ಟ್ರಂಕಿನಲ್ಲಿ ಕಾದಿಟ್ಟಿದ್ದ ಒಂದನ್ನು ಕೇಳಿ ಒಯ್ದಿದ್ದರು.

ಅವಳ ಬಳಿ ಇದ್ದ ಕೀಲಿಕೈ ಬೆಳಿಗ್ಗೆ ಅವಸರದಲ್ಲಿ ಒಳಗೇ ಉಳಿದಿತ್ತು. ಇಂದುಮತಿ ಮೆಟ್ಟಿಲ ಮೇಲೆ ಕೂತಳು.

ಓಣಿಯ ತುದಿಯಲ್ಲಿ ಗೌರವ್ವ ಬರುತ್ತಿದ್ದಳು. ಒಂದು ಕೈಯಲ್ಲಿ ಕಾಯಿಪಲ್ಲೆಯ ಚೀಲ, ಇನ್ನೊಂದು ಕೈಯಲ್ಲಿ ಇಂಚರ. ಮೊಣಕಾಲು ಇನ್ನೂ ಬಾತಿತ್ತು. ಕುಂಟುತ್ತ ಬಂದಳು, ಅವಸರವಿಲ್ಲದೆ, ಊರಿನ ಒಡತಿಯ ಹಾಗೆ. ಸೊಸೆ ಹೊರಗೆ ಕೂತದ್ದನ್ನು ನೋಡಿ ಅವಳ ಮುಖ ಅರಳಿತು.

"ಎಷ್ಟೊತ್ತಾತವಾ?"

"ಪೇಢೆ ಕರಗೂವಷ್ಟೊತ್ತಾತ್ರಿ."

"ಬಾಗಲಾ ಗುರ್ತಾ ಹಿಡೀಲಿಲ್ಲೇನು ನಿನ್ನ?" ಗೌರವ್ವ ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದಳು. ಕೀಲಿ ಕಟಕ್ಕೆಂದಿತು. ಬಾಗಿಲನ್ನು ಎರಡೂ ಕೈಯಿಂದ ಹಾರು ಹೊಡೆದು, ಹೊಸ್ತಿಲೊಳಗೆ ನಿಂತು ತಿರುಗಿದಳು. "ಏಳು, ಓಡಿ ಬಾ ಒಳಗ. ಚಾ ಇಡ್ತೀನಿ."

"ಓಡಾಂಗಿಲ್ರಿ ಅತ್ತಿ," ಎಂದಳು ಇಂದುಮತಿ ಏಳುತ್ತ. "ನಡಕೋತ ಬರ್ತೀನಿ."